ಕಳ್ಳನಿಗೆ ವಕೀಲನೇಕೆ?

ಈ ಪ್ರಶ್ನೆ ನಮ್ಮದಲ್ಲ. ಇಶಾ ನಮಾಝ್ ಮುಗಿದ ಮೇಲೆ ಮಸೀದಿ ಸಮಿತಿಯ ಹಿರಿಯರೊಬ್ಬರು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಮ್ಮನ್ನು ಕೇಳಿದ್ದು. "ಕಳ್ಳನಿಗೆ ವಕೀಲ ಯಾಕೆ ಹಜರತ್? ಕದ್ದಿದ್ದಾನೆ, ಅನುಭವಿಸಲಿ ಬಿಡಿ." ಅಂದು ನಾವು ಉತ್ತರ ಕೊಡಲಿಲ್ಲ. ಅವರು ವಯಸ್ಸಿನಲ್ಲಿ ನಮಗಿಂತ ಹಿರಿಯರು, ಮದ್ರಸಾದ ಛಾವಣಿಗೆ ಶೀಟು ಹಾಕಿಸಿಕೊಟ್ಟವರು, ಎದುರಾಡಲು ಸಂಕೋಚವಾಯಿತು. ಸಂಕೋಚಕ್ಕಿಂತ ಹೆಚ್ಚಾಗಿ, ನಮ್ಮ ಮನಸ್ಸಿನ ಒಂದು ಮೂಲೆಯೂ ಅವರ ಮಾತನ್ನೇ ಆಡುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಪ್ರಸಂಗ ಇಷ್ಟು. ಬಂಡೀಪುರದ ಕಾಡು ಹಾದಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನಗಳಿಗೆ ಮುಚ್ಚಿರುತ್ತದೆ. 2009ರಿಂದ ಹೀಗೆಯೇ ನಡೆದುಬಂದಿದೆ. ಆದುದರಿಂದ ಕೇರಳಕ್ಕೂ ಊಟಿಯ ಕಡೆಗೂ ತರಕಾರಿ ಹೊತ್ತು ಹೋಗುವ ಲಾರಿಗಳು ಗುಂಡ್ಲುಪೇಟೆಯ ಆಸುಪಾಸಿನಲ್ಲಿ ರಾತ್ರಿ ಕಳೆಯುವುದುಂಟು. ಹೊಸ ಕಾನೂನುಗಳು ಬರುವುದಕ್ಕೆ ಕೆಲವು ವರ್ಷ ಮುಂಚೆ, ಅಂಥ ಒಂದು ರಾತ್ರಿ, ಮಲಗಿದ್ದ ಚಾಲಕನೊಬ್ಬನ ಮೊಬೈಲು ಕ್ಯಾಬಿನ್ನಿನಿಂದ ಕಳುವಾಯಿತು. ಎರಡು ದಿನಗಳಲ್ಲಿ ಅದು ಒಂದು ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿಗೆ ಅದನ್ನು ಕೊಟ್ಟವನು ನಮ್ಮ ಬಳಿ ಕಾಯಿದಾ ಓದಿದ್ದ, ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗ. ಬೇರೊಬ್ಬ ಹುಡುಗ ಮಾರಿಕೊಡಲು ತನಗೆ ಕೊಟ್ಟನೆಂದು ಅವನ ಮಾತು. ಆ ಬೇರೊಬ್ಬ ಸಿಗಲೇ ಇಲ್ಲ. ಭಾರತೀಯ ದಂಡ ಸಂಹಿತೆಯ 379ನೇ ಕಲಮಿನಡಿ ಪ್ರಕರಣ ದಾಖಲಾಯಿತು.

ಸಣ್ಣ ಈರುಳ್ಳಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಅವನ ತಾಯಿ ನಮ್ಮ ಮನೆಯ ಬಾಗಿಲಿಗೆ ಬಂದರು. ಅವರು ಕೇಳಿದ್ದು ಹಣವನ್ನಲ್ಲ. "ಹಜರತ್, ಜಮಾಅತಿನವರು ಯಾರಾದರೂ ಒಬ್ಬರು ಬಂದು ನಿಂತುಕೊಳ್ಳಲಿ" ಎಂದಷ್ಟೇ. ಸಮಿತಿಯಲ್ಲಿ ವಿಷಯ ಬಂದಾಗ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಳ್ಳತನದ ಪ್ರಕರಣದಲ್ಲಿ ಜಮಾಅತು ತಲೆ ಹಾಕಿದರೆ ನಾಳೆ ಊರಿನವರು ಮಸೀದಿಯನ್ನೇ ಬೊಟ್ಟು ಮಾಡಿ ತೋರಿಸುತ್ತಾರೆ ಎಂಬುದು ಎಲ್ಲರ ಅಭಿಪ್ರಾಯವಾಯಿತು. ಆಮೇಲೆ ಜಾಮೀನು ಮಂಜೂರಾಯಿತು. ಆದರೆ ಜಾಮೀನುದಾರ ಬೇಕಲ್ಲ! ಪಹಣಿ ಹಿಡಿದುಕೊಂಡು ನ್ಯಾಯಾಲಯಕ್ಕೆ ಬರುವವರು ಬೇಕು. ನಮ್ಮ ಜಮಾಅತಿನಲ್ಲಿ ಜಮೀನುಳ್ಳವರು ಎಂಟು ಹತ್ತು ಮನೆಯವರಾದರೂ ಇದ್ದರು. ಒಬ್ಬರೂ ಹೋಗಲಿಲ್ಲ. ನಮಗೆ ಪಹಣಿ ಇಲ್ಲ ಎಂಬ ನೆಪವಿತ್ತು. ಇದ್ದವರನ್ನು ಒಪ್ಪಿಸುವ ನಾಲಿಗೆ ಇತ್ತಲ್ಲ, ಅದನ್ನು ನಾವು ಬಳಸಲಿಲ್ಲ. ಜಾಮೀನಿನ ಆದೇಶ ಕೈಯಲ್ಲಿದ್ದೂ ಹುಡುಗ ನಾಲ್ಕು ತಿಂಗಳು ಒಳಗೇ ಉಳಿದ.

ಕೊನೆಗೆ ಜೊತೆಯ ಕೈದಿಗಳು ಹೇಳಿಕೊಟ್ಟಂತೆ ತಪ್ಪೊಪ್ಪಿಕೊಂಡ. ಅನುಭವಿಸಿದ ಅವಧಿಯೇ ಶಿಕ್ಷೆಯೆಂದಾಗಿ ಬಿಡುಗಡೆಯಾಯಿತು. ಎಲ್ಲರೂ "ಅಲ್ಹಮ್ದುಲಿಲ್ಲಾಹ್, ಮುಗಿಯಿತು" ಎಂದೆವು. ಮುಗಿದಿರಲಿಲ್ಲ. ಎರಡು ವರ್ಷದ ಬಳಿಕ ಅದೇ ಮಾರುಕಟ್ಟೆಯಲ್ಲಿ ಗಲ್ಲಾಪೆಟ್ಟಿಗೆ ಕಳುವಾದಾಗ ಮೊದಲು ಕೇಳಿಬಂದ ಹೆಸರು ಅವನದೇ. ಆ ದಿನ ಅವನು ತಾಯಿಯೊಂದಿಗೆ ಮೈಸೂರಿನ ಆಸ್ಪತ್ರೆಯಲ್ಲಿದ್ದುದರಿಂದ ಬಚಾವಾದ. ಆದರೆ ಮೂಟೆ ಹೊರುವ ಕೆಲಸ ಹೋಯಿತು. ಈಗ ತಮಿಳುನಾಡಿನ ಯಾವುದೋ ಊರಿನಲ್ಲಿದ್ದಾನೆ. ತಾಯಿ ಇಲ್ಲಿಯೇ ಇದ್ದಾರೆ.

ಈ ಘಟನೆಯ ಬಹಳ ಕಾಲದ ಮೇಲೆ, ಬೇರೊಂದು ಕೆಲಸಕ್ಕೆಂದು ಚಾಮರಾಜನಗರದ ನ್ಯಾಯಾಲಯದ ಆವರಣಕ್ಕೆ ಹೋದಾಗ, ಕಾನೂನು ನೆರವಿನ ವಕೀಲರೊಬ್ಬರೊಡನೆ ಮಾತಿಗೆ ಕೂತೆವು. ಹುಡುಗನ ಕತೆ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಅವನಿಗೆ ಇಪ್ಪತ್ತೊಂದು ತುಂಬಿರಲಿಲ್ಲ ಅಲ್ಲವೇ? ಪ್ರೊಬೇಷನ್ ಕೇಳಿದಿರಾ?" ಪ್ರೊಬೇಷನ್ ಎಂದರೆ ನಮಗೆ ಗೊತ್ತಿದ್ದುದು ಹೊಸ ಶಿಕ್ಷಕರ ಪರೀಕ್ಷಾವಧಿ ಮಾತ್ರ. ಆ ದಿನದಿಂದ ಸ್ವಲ್ಪ ಓದಿದೆವು, ಸ್ವಲ್ಪ ಕೇಳಿ ತಿಳಿದುಕೊಂಡೆವು. ಹೀಗೆ ತಿಳಿದುದನ್ನು ನಮ್ಮ ಮನೆಗಳಿಗೆ ತಲುಪಿಸುವುದು ಈ ಬರಹದ ಉದ್ದೇಶ. ನಾವು ವಕೀಲರಲ್ಲ, ಪ್ರಕರಣ ಎದುರಾದಾಗ ವಕೀಲರನ್ನೇ ಕೇಳಬೇಕು.

ಅಪರಾಧಿಗಳ ಪರಿವೀಕ್ಷಣಾ ಕಾಯಿದೆ, ಅಂದರೆ ಪ್ರೊಬೇಷನ್ ಕಾಯಿದೆ, 1958ರದು. ನಮ್ಮಲ್ಲಿ ಅನೇಕರು ಹುಟ್ಟುವ ಮೊದಲೇ ಬಂದದ್ದು. ಹಿಂದೆ ಶಿಕ್ಷೆಯಾಗಿರದವನು ಸಾಧಾರಣ ಕಳ್ಳತನದಲ್ಲಿ ತಪ್ಪಿತಸ್ಥನೆಂದು ಸಾಬೀತಾದರೆ, ನ್ಯಾಯಾಲಯವು ಅವನ ನಡತೆ, ಸಂದರ್ಭಗಳನ್ನು ನೋಡಿ ಬುದ್ಧಿ ಹೇಳಿ ಬಿಟ್ಟುಬಿಡಬಹುದೆಂದು ಅದರ 3ನೇ ಕಲಮು ಹೇಳುತ್ತದೆ. 4ನೇ ಕಲಮು ಇನ್ನೂ ವಿಶಾಲ. ಮರಣದಂಡನೆ, ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಅಪರಾಧವಲ್ಲದಿದ್ದರೆ, ಶಿಕ್ಷೆ ವಿಧಿಸುವ ಬದಲು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಬಹುದು. ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಆ ಅವಧಿಯಲ್ಲಿ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿರಬೇಕೆಂದು ವಿಧಿಸಲೂಬಹುದು. ಮಾತು ಮುರಿದರೆ ಮೂಲ ಅಪರಾಧದ ಶಿಕ್ಷೆ ಕಾದೇ ಇರುತ್ತದೆ. 5ನೇ ಕಲಮಿನಂತೆ ಕಳೆದುಕೊಂಡವನಿಗೆ ಪರಿಹಾರ ಕೊಡಿಸಬಹುದು. 6ನೇ ಕಲಮು ನಮ್ಮ ಹುಡುಗನಿಗೆಂದೇ ಬರೆದಂತಿದೆ. ಇಪ್ಪತ್ತೊಂದು ವರ್ಷ ತುಂಬದವನನ್ನು ಇಂಥ ಪ್ರಕರಣದಲ್ಲಿ ಸೆರೆಮನೆಗೆ ಕಳುಹಿಸಬೇಕಾದರೆ, ಪ್ರೊಬೇಷನ್ ಸಾಧ್ಯವಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು, ಕಾರಣಗಳನ್ನು ಬರೆದಿಡಬೇಕು. 12ನೇ ಕಲಮು, 3 ಅಥವಾ 4ನೇ ಕಲಮಿನಡಿ ಬಿಡುಗಡೆಯಾದವನಿಗೆ ಆ ದೋಷಸಿದ್ಧಿಯಿಂದ ಮುಂದೆ ಕಾನೂನಿನ ಅನರ್ಹತೆ ಅಂಟಬಾರದೆನ್ನುತ್ತದೆ. ಕೆಳಗಿನ ನ್ಯಾಯಾಲಯದಲ್ಲಿ ಕೇಳದಿದ್ದರೂ ಮೇಲ್ಮನವಿಯಲ್ಲಿ ಕೇಳಬಹುದು. 1964ರಲ್ಲಿ ಸುಪ್ರೀಂ ಕೋರ್ಟು ರತನ್ ಲಾಲ್ ಪ್ರಕರಣದಲ್ಲಿ, ಹದಿನಾರರ ಹುಡುಗನೊಬ್ಬನ ವಿಷಯದಲ್ಲಿ, ಇದನ್ನು ಸ್ಪಷ್ಟಪಡಿಸಿತು.

ಈ ಕಾಯಿದೆಯಲ್ಲಿ ಒಂದು ಷರತ್ತು ನಮ್ಮ ಕಣ್ಣಿಗೆ ಬಿದ್ದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ಆ ನ್ಯಾಯಾಲಯದ ವ್ಯಾಪ್ತಿಯಲ್ಲೋ ಮುಚ್ಚಳಿಕೆಯ ಅವಧಿಯಲ್ಲಿ ಅಪರಾಧಿ ವಾಸಿಸಲಿರುವ ಸ್ಥಳದಲ್ಲೋ ಸ್ಥಿರವಾದ ವಾಸಸ್ಥಳವೋ ನಿಯಮಿತವಾದ ಉದ್ಯೋಗವೋ ಇರಬೇಕು. ಇಲ್ಲದಿದ್ದರೆ 4ನೇ ಕಲಮಿನ ಬಿಡುಗಡೆ ಇಲ್ಲ. ಅಂದರೆ ಕಾನೂನು ಬಾಗಿಲು ತೆರೆದಿಟ್ಟು, ಒಳಗೆ ಬರುವವನ ಕೈ ಹಿಡಿಯಲು ಸಮಾಜದ ಒಬ್ಬ ಮನುಷ್ಯನನ್ನು ಕೇಳುತ್ತದೆ. ಇವನು ನಮ್ಮವನು, ಇಲ್ಲಿಯೇ ಇರುತ್ತಾನೆ, ನನ್ನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ ಎನ್ನುವ ಒಬ್ಬನನ್ನು. ಆ ತಾಯಿ ನಮ್ಮ ಬಾಗಿಲಲ್ಲಿ ಕೇಳಿದ್ದು ಇದನ್ನೇ ಅಲ್ಲವೇ? ಅವರಿಗೆ ಕಲಮುಗಳ ಸಂಖ್ಯೆ ಗೊತ್ತಿರಲಿಲ್ಲ, ಅಷ್ಟೆ.

ಪ್ರೊಬೇಷನ್ ಎಂಬ ಪದ್ಧತಿ ಹುಟ್ಟಿದ್ದೂ ಹೀಗೆಯೇ. ಅಮೆರಿಕದ ಬೋಸ್ಟನ್ ನಗರದಲ್ಲಿ ಜಾನ್ ಆಗಸ್ಟಸ್ ಎಂಬೊಬ್ಬ ಬೂಟು ಹೊಲಿಯುವ ಕಸುಬಿನವನಿದ್ದ. 1841ರಲ್ಲಿ ನ್ಯಾಯಾಲಯದಲ್ಲಿ ನಿಂತಿದ್ದ ಒಬ್ಬ ಕುಡುಕನಿಗೆ ತಾನೇ ಜಾಮೀನಾಗಿ, ಕುಡಿತ ಬಿಡಿಸಿ, ಕೆಲವು ವಾರಗಳ ಮೇಲೆ ಮರಳಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದ. ಗುರುತೇ ಸಿಗದಷ್ಟು ಬದಲಾಗಿದ್ದನಂತೆ. 1859ರಲ್ಲಿ ಸಾಯುವವರೆಗೂ ಆಗಸ್ಟಸ್ ಇದೇ ಕೆಲಸ ಮಾಡಿದ. ಅವನು ವಕೀಲನಲ್ಲ, ಪಾದ್ರಿಯಲ್ಲ, ಸರಕಾರಿ ನೌಕರನೂ ಅಲ್ಲ. ಒಬ್ಬ ಚಮ್ಮಾರ ಮಾಡಿದ ಕೆಲಸವನ್ನು ಕಂಡು ಮುಂದೆ ದೇಶ ದೇಶಗಳು ಕಾಯಿದೆ ಬರೆದವು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಅವರ ಮಾತಿನ ಹಿಂದೆ ದೀನಿನ ಎರಡು ಆಧಾರಗಳಿವೆ ಎಂದು ಅವರು ಭಾವಿಸಿರಬಹುದು, ಮತ್ತು ಅವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಮೊದಲನೆಯದು ಸೂರಃ ಮಾಇದಾದಲ್ಲಿ ಬಂದಿರುವ ಕಳ್ಳತನದ ಶಿಕ್ಷೆ. ಎರಡನೆಯದು ಸೂರಃ ನಿಸಾದ 105ನೇ ವಚನ. ವಂಚಕರ ಪರವಾಗಿ ವಾದಿಸುವವನಾಗಬೇಡ ಎಂದು ಪ್ರವಾದಿ(ಸ)ಯವರಿಗೇ ಅಲ್ಲಾಹನ ಎಚ್ಚರಿಕೆ ಅಲ್ಲಿದೆ. ಹಾಗಾದರೆ ಕಳ್ಳನ ಪರ ವಕೀಲನನ್ನು ಹಿಡಿಯುವುದು ಈ ಎಚ್ಚರಿಕೆಗೆ ವಿರುದ್ಧವಲ್ಲವೇ?

ಎರಡನೆಯದನ್ನೇ ಮೊದಲು ನೋಡೋಣ. ಆ ವಚನಗಳು ಯಾವ ಸಂದರ್ಭದಲ್ಲಿ ಇಳಿದವೆಂದು ತಫ್ಸೀರುಗಳು ಹೇಳುತ್ತವೆ? ಮದೀನಾದ ಒಂದು ಮನೆಯಲ್ಲಿ ಕಳವಾಯಿತು. ಕದ್ದವನ ಕುಟುಂಬದವರು ಅಪರಾಧವನ್ನು ನಿರಪರಾಧಿಯೊಬ್ಬನ ಮೇಲೆ ಹೊರಿಸಿದರು. ಆ ನಿರಪರಾಧಿ ಒಬ್ಬ ಯಹೂದಿ ಎಂದು ಪ್ರಸಿದ್ಧ ವರದಿ. ತಮ್ಮವನು, ಮುಸ್ಲಿಮನೆನಿಸಿಕೊಂಡವನು ಉಳಿಯಲಿ ಎಂದು ಗುಂಪು ಕಟ್ಟಿಕೊಂಡು ಬಂದು ವಾದಿಸಿದರು. ಆಗ ವಹ್ಯ್ ಇಳಿದು ಆರೋಪಿತನನ್ನು ದೋಷಮುಕ್ತಗೊಳಿಸಿತು. ತಾನು ಮಾಡಿದ ತಪ್ಪನ್ನು ನಿರಪರಾಧಿಯ ತಲೆಗೆ ಕಟ್ಟುವವನು ಘೋರ ಪಾಪದ ಹೊರೆ ಹೊತ್ತನೆಂದು ಸಾರಿತು. ಅಂದರೆ ಈ ವಚನಗಳೇ ಸುಳ್ಳು ಆರೋಪಕ್ಕೆ ಗುರಿಯಾದವನ ದೊಡ್ಡ ರಕ್ಷಣೆ. ಕುರ್‌ಆನ್ ತಡೆದದ್ದು ಜಾತಿ, ಕುಲ, ಬಂಧುತ್ವದ ಹೆಸರಿನಲ್ಲಿ ಸುಳ್ಳನ್ನು ಸತ್ಯ ಮಾಡುವುದನ್ನು. ಆರೋಪ ಹೊತ್ತವನ ಮಾತನ್ನು ಕೇಳಬೇಡಿ ಎಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಆದುದರಿಂದ ನಾವು ವಕೀಲರಿಗೆ ಹೇಳಬೇಕಾದುದೂ ಇದೇ. ಸುಳ್ಳು ಸಾಕ್ಷಿ ಬೇಡ, ಇನ್ನೊಬ್ಬ ಬಡವನ ತಲೆಗೆ ಕಟ್ಟುವುದು ಬೇಡ. ಆದರೆ ಪಂಚನಾಮೆ ಸರಿಯಾಗಿ ನಡೆದಿದೆಯೇ, ವಸ್ತು ಯಾರ ಕೈಯಿಂದ ಸಿಕ್ಕಿತು, ಅವನಿಗೆ ಅದು ಕಳವಿನದೆಂದು ತಿಳಿದಿತ್ತೇ ಎಂದು ಕೇಳುವುದು ಸತ್ಯವನ್ನು ಹುಡುಕುವ ಕೆಲಸ.

ಯೂಸುಫ್(ಅ)ರ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಮಾಡದ ತಪ್ಪಿಗೆ ಸೆರೆಗೆ ಹೋದರು. ಜೊತೆಯಲ್ಲಿದ್ದವನು ಬಿಡುಗಡೆಯಾಗಿ ಹೊರಟಾಗ ನನ್ನ ವಿಷಯ ಒಡೆಯನಿಗೆ ತಿಳಿಸು ಎಂದು ಕೇಳಿಕೊಂಡರು. ಅವನು ಮರೆತ. ಆ ಮರೆವಿನ ಬೆಲೆ ಇನ್ನೂ ಹಲವು ವರ್ಷಗಳ ಸೆರೆ. ಮುಂದೆ ರಾಜನ ಕರೆ ಬಂದಾಗಲೂ ಅವರು ಕೂಡಲೇ ಹೊರಡಲಿಲ್ಲ. ಮೊದಲು ತಮ್ಮ ಮೇಲಿನ ಆರೋಪದ ವಿಚಾರಣೆಯಾಗಲಿ ಎಂದರು. ಹೆಸರು ಶುದ್ಧವಾಗದ ಬಿಡುಗಡೆ ಅವರಿಗೆ ಬೇಕಿರಲಿಲ್ಲ. ನಮ್ಮ ಹುಡುಗನಿಗೆ "ತಪ್ಪೊಪ್ಪಿಕೋ, ಮುಗಿದುಹೋಗುತ್ತದೆ" ಎಂದು ಹೇಳಿಕೊಟ್ಟಾಗ ಈ ವಚನವನ್ನು ಅವನಿಗೆ ನೆನಪಿಸಬೇಕಾದವರು ಅದನ್ನು ಅವನಿಗೆ ಕಲಿಸಿದ ನಾವೇ ಆಗಿದ್ದೆವು.

ಇನ್ನು ಶಿಕ್ಷೆಯ ವಿಷಯ. ಕೈ ಕತ್ತರಿಸುವ ಹದ್ದ್ ಶಿಕ್ಷೆಯ ಮಾತನ್ನು ನಮ್ಮ ಜನ ಮಾತೆತ್ತಿದರೆ ಹೇಳುತ್ತಾರೆ. ಫಿಕ್‌ಹ್ ಗ್ರಂಥಗಳು ಅದಕ್ಕೆ ಹಾಕಿರುವ ಷರತ್ತುಗಳನ್ನು ಓದಿದವರು ಕಡಿಮೆ. ವಸ್ತು ಭದ್ರವಾದ ಸ್ಥಳದಲ್ಲಿರಬೇಕು, ನಿಗದಿತ ಮೌಲ್ಯ ಮುಟ್ಟಿರಬೇಕು (ಹನಫಿಗಳಲ್ಲಿ ಹತ್ತು ದಿರ್ಹಮ್), ಸಂಶಯಕ್ಕೆ ಎಡೆಯಿರಬಾರದು, ಹಸಿವಿನ ಒತ್ತಡವಿರಬಾರದು. ಉಮರ್(ರ)ರ ಖಿಲಾಫತ್ತಿನ ಬರಗಾಲದ ವರ್ಷದಲ್ಲಿ ಕಳ್ಳತನಕ್ಕೆ ಆ ಶಿಕ್ಷೆಯನ್ನೇ ನಿಲ್ಲಿಸಲಾಯಿತು. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿರುವ ಇನ್ನೊಂದು ಪ್ರಕರಣ ನಮಗೆ ಹೆಚ್ಚು ಪ್ರಿಯ. ಹಾತಿಬ್ ಎಂಬವರ ಗುಲಾಮರು ಮುಝೈನಾ ಗೋತ್ರದವನೊಬ್ಬನ ಒಂಟೆಯನ್ನು ಕದ್ದು ಕೊಯ್ದು ತಿಂದರು. ಮೊದಲು ಶಿಕ್ಷೆಗೆ ಆಜ್ಞಾಪಿಸಿದ ಉಮರ್(ರ), ಬಳಿಕ ಒಡೆಯನ ಕಡೆ ತಿರುಗಿದರು. ನೀನು ಇವರನ್ನು ಹಸಿವಿನಲ್ಲಿಟ್ಟಿರುವಂತೆ ತೋರುತ್ತದೆ ಎಂದರು. ಒಂಟೆಯ ಬೆಲೆ ನಾನೂರು ದಿರ್ಹಮ್ ಎಂದು ಕೇಳಿ ತಿಳಿದು, ಒಡೆಯನಿಂದಲೇ ಎಂಟುನೂರು ಕೊಡಿಸಿದರು. ಕಳೆದುಕೊಂಡವನಿಗೆ ಇಮ್ಮಡಿ ಸಿಕ್ಕಿತು. ಹಸಿದು ಕದ್ದವರ ಕೈ ಉಳಿಯಿತು. ದಂಡ ತೆತ್ತವನು ಹಸಿವಿಗೆ ಕಾರಣನಾದ ಧಣಿ!

ಅಬೂ ದಾವೂದ್‌ನಲ್ಲಿ ಬಂದಿರುವ ಅಬ್ಬಾದ್ ಬಿನ್ ಶುರಹ್‌ಬೀಲ್(ರ)ರ ಅನುಭವವನ್ನೂ ನೆನೆಯಬೇಕು. ಬರದ ವರ್ಷ ಹಸಿದು ಮದೀನಾಕ್ಕೆ ಬಂದವರು ಒಂದು ತೋಟಕ್ಕೆ ಹೊಕ್ಕು ತೆನೆ ಕಿತ್ತು ತಿಂದರು, ಒಂದಿಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು. ತೋಟದವನು ಹೊಡೆದು ಬಟ್ಟೆ ಕಸಿದುಕೊಂಡ. ದೂರು ಪ್ರವಾದಿ(ಸ)ಯವರ ಬಳಿಗೆ ಹೋಯಿತು. ಅವರು ತೋಟದ ಒಡೆಯನನ್ನೇ ತರಾಟೆಗೆ ತೆಗೆದುಕೊಂಡರು: ತಿಳಿಯದವನಿಗೆ ನೀನು ಕಲಿಸಲಿಲ್ಲ, ಹಸಿದವನಿಗೆ ಉಣಿಸಲಿಲ್ಲ ಎಂಬರ್ಥದಲ್ಲಿ. ಬಟ್ಟೆಯನ್ನು ಮರಳಿ ಕೊಡಿಸಿದ್ದಲ್ಲದೆ ಧಾನ್ಯವನ್ನೂ ಕೊಟ್ಟು ಕಳುಹಿಸಿದರು.

ಮಖ್ಝೂಮಿ ಗೋತ್ರದ ಮಹಿಳೆಯ ಪ್ರಕರಣವನ್ನು ತೋರಿಸಿ ಯಾರಾದರೂ ಆಕ್ಷೇಪಿಸಬಹುದು. ಪ್ರತಿಷ್ಠಿತ ಮನೆತನದವಳೆಂದು ಉಸಾಮಾ(ರ) ಶಿಫಾರಸು ತಂದಾಗ ಪ್ರವಾದಿ(ಸ) ಕೋಪಗೊಂಡರು. ತಮ್ಮ ಮಗಳಾದರೂ ವಿನಾಯಿತಿಯಿಲ್ಲ ಎಂದರು. ನಿಜ. ಆದರೆ ಕೋಪಕ್ಕೆ ಕಾರಣವೇನು? ಹಿಂದಿನವರು ಪ್ರತಿಷ್ಠಿತನು ಕದ್ದರೆ ಬಿಡುತ್ತಿದ್ದರು, ದುರ್ಬಲನು ಕದ್ದರೆ ಶಿಕ್ಷಿಸುತ್ತಿದ್ದರು ಎಂಬುದು. ನಮ್ಮ ಊರುಗಳಲ್ಲಿ ದೊಡ್ಡ ಮನೆಯ ಹುಡುಗನ ಪ್ರಕರಣ ಠಾಣೆಯ ಮೆಟ್ಟಿಲಿಳಿಯುವ ಮೊದಲೇ ಮುಗಿಯುತ್ತದೆ, ಈರುಳ್ಳಿ ಬಿಡಿಸುವವರ ಮಗ ನಾಲ್ಕು ತಿಂಗಳು ಒಳಗಿರುತ್ತಾನೆ. ಈ ಹದೀಸ್ ಯಾರ ಕಡೆ ಬೆರಳು ತೋರಿಸುತ್ತಿದೆ ಎಂದು ಓದುಗರೇ ನೋಡಲಿ. ಮೇಲಾಗಿ, ನಿಗದಿತ ಹದ್ದ್‌ನಲ್ಲಿ ಶಿಫಾರಸು ನಿಷಿದ್ಧವಾದರೂ, ನ್ಯಾಯಾಧೀಶನ ವಿವೇಚನೆಗೆ ಬಿಟ್ಟ ತಅಝೀರ್ ಶಿಕ್ಷೆಗಳಲ್ಲಿ ಕ್ಷಮೆಗೂ ಶಿಫಾರಸಿಗೂ ಅವಕಾಶವಿದೆಯೆಂಬುದನ್ನು ಮದ್ರಸಾದಲ್ಲಿ ಓದಿದ ಯಾರೂ ಅಲ್ಲಗಳೆಯಲಾರರು. ನಮ್ಮ ದೇಶದ ನ್ಯಾಯಾಲಯಗಳು ಕೊಡುವ ಸೆರೆವಾಸ ಹದ್ದ್ ಅಲ್ಲ. ಅಲ್ಲಿ ದಯೆ ಕೇಳುವುದು ಅಲ್ಲಾಹನ ಮಿತಿಯನ್ನು ಮುರಿದಂತಾಗುವುದಿಲ್ಲ. ಆ ಮಹಿಳೆ ಮುಂದೆ ಏನಾದಳು ಎಂಬುದನ್ನು ಮಾತ್ರ ನಮ್ಮ ಖುತ್ಬಾಗಳು ಹೇಳುವುದಿಲ್ಲ. ಅವಳ ತೌಬಾ ಚೆನ್ನಾಗಿತ್ತು, ಮದುವೆಯಾದಳು, ನಮ್ಮ ಮನೆಗೆ ಬರುತ್ತಿದ್ದಳು, ಅವಳ ಬೇಡಿಕೆಗಳನ್ನು ನಾನು ಪ್ರವಾದಿ(ಸ)ಯವರಿಗೆ ಮುಟ್ಟಿಸುತ್ತಿದ್ದೆ ಎಂಬರ್ಥದಲ್ಲಿ ಆಯಿಶಾ(ರ) ಹೇಳಿದ್ದಾರೆ. ಆ ಮನೆಯ ಬಾಗಿಲು ಅವಳಿಗೆ ಮುಚ್ಚಿರಲಿಲ್ಲ.

ಕಳೆದುಕೊಂಡವರ ನೋವನ್ನು ನಾವು ಮರೆತಿಲ್ಲ. ಪಂಪ್‌ಸೆಟ್ಟಿನ ತಾಮ್ರದ ತಂತಿ ಹೋದರೆ ಅರಿಸಿನದ ಬೆಳೆಗೆ ಒಂದು ವಾರ ನೀರಿಲ್ಲ. ಆ ರೈತನ ಮನೆಯ ಮದುವೆಯೇ ಮುಂದೆ ಹೋದೀತು. ಪರರ ಹಕ್ಕಿಗೆ ಸಂಬಂಧಿಸಿದ ಪಾಪದಲ್ಲಿ, ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸದೆ ತೌಬಾ ಪೂರ್ಣವಾಗುವುದಿಲ್ಲ. ಇಲ್ಲಿ ದೀನೂ ದೇಶದ ಕಾನೂನೂ ಹತ್ತಿರ ಬರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನೋ ಬೆಲೆಯನ್ನೋ ಮರಳಿಸಿದರೆ ಶಿಕ್ಷೆ ಸೆರೆಯಲ್ಲ, ಸಮುದಾಯ ಸೇವೆ. ಸಾಧಾರಣ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ. ಆದರೆ ಎರಡನೆಯ ಬಾರಿ ದೋಷಿಯೆಂದಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷದ ಕಠಿಣ ಸೆರೆ. ವಾಸದ ಮನೆಯಿಂದಲೋ ಸರಕು ಸಾಗಿಸುವ ವಾಹನದಿಂದಲೋ ಕದ್ದರೆ 305ನೇ ಕಲಮಿನಂತೆ ಏಳು ವರ್ಷದವರೆಗೂ ಆಗಬಹುದು. ನಮ್ಮ ಹುಡುಗನ ಪ್ರಕರಣ ಇಂದು ನಡೆದಿದ್ದರೆ ಈ ಕಲಮನ್ನೇ ಹಚ್ಚುವ ಸಾಧ್ಯತೆಯಿತ್ತು. ಆದುದರಿಂದ "ಒಪ್ಪಿಕೊಂಡು ದಂಡ ಕಟ್ಟಿ ಬಾ" ಎಂಬ ಸಲಹೆ ಹಿಂದೆಂದಿಗಿಂತಲೂ ಇಂದು ಹೆಚ್ಚು ಅಪಾಯದ್ದು. ಆ ಒಪ್ಪಿಗೆ ಎರಡನೆಯ ಪ್ರಕರಣದ ದಿನ ಎದ್ದು ಬರುತ್ತದೆ.

ಚಾಮರಾಜನಗರದಲ್ಲಿ ಗುಜರಿ ವ್ಯಾಪಾರ ಮಾಡುವ ನಮ್ಮ ಪರಿಚಿತರೊಬ್ಬರ ಕತೆ ಹೀಗೆಯೇ ಆಯಿತು. ಯಾರೋ ತಂದು ಮಾರಿದ ತಂತಿಯನ್ನು ತೂಕಕ್ಕೆ ಕೊಂಡಿದ್ದರು. ಚೀಟಿ ಇಲ್ಲ, ಮಾರಿದವನ ಹೆಸರಿಲ್ಲ. ಕಳವಿನ ಮಾಲು ಕೊಂಡ ಆರೋಪ ಬಂತು. ಅಲೆದಾಟ ಬೇಡವೆಂದು ಒಪ್ಪಿಕೊಂಡು ದಂಡ ಕಟ್ಟಿದರು. ಕದ್ದ ಮಾಲು ಕಳುವಾದ ಕೆಲವೇ ದಿನಗಳಲ್ಲಿ ಯಾರ ಬಳಿ ಸಿಗುತ್ತದೋ ಅವನು ಅದರ ಲೆಕ್ಕ ಹೇಳಲಾಗದಿದ್ದರೆ, ಅವನೇ ಕಳ್ಳ ಅಥವಾ ತಿಳಿದೇ ಕೊಂಡವನು ಎಂದು ನ್ಯಾಯಾಲಯ ಊಹಿಸಬಹುದು. ಸಾಕ್ಷ್ಯ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಗುಜರಿ, ಹಳೆಯ ಮೊಬೈಲು, ಹಳೆಯ ದ್ವಿಚಕ್ರ ವಾಹನಗಳ ವ್ಯಾಪಾರ ನಮ್ಮವರ ಅನ್ನ. ಒಂದು ಪುಸ್ತಕವಿಟ್ಟು ಮಾರುವವನ ಗುರುತಿನ ಚೀಟಿಯ ಪ್ರತಿ, ದಿನಾಂಕ, ಸಹಿ ಬರೆಸಿಕೊಳ್ಳಲು ಎಷ್ಟು ಹೊತ್ತು ಬೇಕು? ಅರ್ಧ ಬೆಲೆಗಿಂತ ಕಡಿಮೆಗೆ ಬರುವ ಮಾಲು ಹಲಾಲೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಮುಂಚೆ ನಮ್ಮ ಅಂಗಡಿಯಲ್ಲೇ ಏಳಬೇಕು.

ಸಫ್ವಾನ್ ಬಿನ್ ಉಮಯ್ಯಾ(ರ)ರ ಹೊದಿಕೆಯ ಪ್ರಸಂಗಕ್ಕೆ ಬಂದರೆ ನಮ್ಮ ತಪ್ಪು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಸೀದಿಯಲ್ಲಿ ಮಲಗಿದ್ದಾಗ ಅವರ ತಲೆದಿಂಬಾಗಿದ್ದ ಹೊದಿಕೆಯನ್ನು ಒಬ್ಬನು ಕದ್ದ. ಹಿಡಿದು ತಂದರು. ಶಿಕ್ಷೆಯ ಆಜ್ಞೆಯಾದಾಗ ಸಫ್ವಾನ್‌ರ ಮನ ಕರಗಿತು. ಹೊದಿಕೆಯನ್ನು ಅವನಿಗೇ ಕೊಟ್ಟುಬಿಟ್ಟೆ ಎಂದರು. ನನ್ನ ಬಳಿಗೆ ತರುವ ಮೊದಲೇ ಹೀಗೆ ಏಕೆ ಮಾಡಲಿಲ್ಲ ಎಂದು ಪ್ರವಾದಿ(ಸ) ಕೇಳಿದರು. ನಮ್ಮ ದೇಶದ ಕಾನೂನಿನಲ್ಲಿ ಈ ಬಾಗಿಲು ಪ್ರಕರಣ ನ್ಯಾಯಾಲಯಕ್ಕೆ ಬಂದ ಮೇಲೂ ತೆರೆದಿದೆ. ಸಾಧಾರಣ ಕಳ್ಳತನದಲ್ಲಿ ವಸ್ತುವಿನ ಒಡೆಯ ರಾಜಿಯಾಗಬಹುದು. ರಾಜಿಯಾದರೆ ಅದರ ಪರಿಣಾಮ ಖುಲಾಸೆ. 379ನೇ ಕಲಮಿನಲ್ಲಿಯೂ ಹೀಗಿತ್ತು, ಈಗಿನ 303ರಲ್ಲಿಯೂ ಹೀಗಿದೆ. ಮನೆ, ವಾಹನದ ಕಳವಿಗೆ ಈ ಸೌಲಭ್ಯವಿಲ್ಲ. ಆ ಲಾರಿ ಚಾಲಕ ಸುಲ್ತಾನ್ ಬತ್ತೇರಿಯ ಕಡೆಯವನು. ಕಾಡು ದಾಟಿದರೆ ಅವನ ಊರು. ಮೊಬೈಲಿನ ಬೆಲೆ ಕೈಯಲ್ಲಿ ಹಿಡಿದು, ತಾಯಿಯನ್ನು ಕರೆದುಕೊಂಡು, ಬೆದರಿಕೆಯ ನೆರಳೂ ಇಲ್ಲದೆ ವಿನಯದಿಂದ, ವಕೀಲರ ಮೂಲಕ ಕೇಳಿದ್ದರೆ ಅವನು ಒಪ್ಪುತ್ತಿದ್ದನೋ ಇಲ್ಲವೋ. ನಾವು ಹೋಗಲೇ ಇಲ್ಲ.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಂವಿಧಾನದ 39ಎ ಅನುಚ್ಛೇದದಲ್ಲಿದೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ 1987ರದು. 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರಂತೆ ಬಂಧನದಲ್ಲಿರುವ ವ್ಯಕ್ತಿ, ಮಹಿಳೆ, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಉಚಿತ ವಕೀಲರಿಗೆ ಹಕ್ಕುಳ್ಳವರು; ಇವರಿಗೆ ವರಮಾನದ ಮಿತಿಯೂ ಇಲ್ಲ. ಜಿಲ್ಲಾ ಪ್ರಾಧಿಕಾರ ಚಾಮರಾಜನಗರದಲ್ಲಿದೆ, ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿವೆ. ಆರೋಪಿಗಳ ಪರ ವಾದಿಸುವುದನ್ನೇ ಕೆಲಸವಾಗಿಸಿಕೊಂಡ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆಯನ್ನು 2022ರಿಂದ ಜಿಲ್ಲೆಗಳಲ್ಲಿ ತರಲಾಗಿದೆ. 15100 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಬಹುದು. ಉಚಿತ ವಕೀಲರೆಂದರೆ ಕಳಪೆ ವಕೀಲರು ಎಂಬ ಮಾತು ನಮ್ಮಲ್ಲಿದೆ. ಒಮ್ಮೊಮ್ಮೆ ನಿಜವೂ ಇರಬಹುದು. ಆದರೆ ಮನೆಯವರು ಯಾರೂ ಬಂದು ವಿಚಾರಿಸದ ಕೈದಿಯ ಕಡತವನ್ನು ದುಬಾರಿ ವಕೀಲರೂ ಕೆಳಗೇ ಇಡುತ್ತಾರೆ.

ಈ ಹಕ್ಕುಗಳ ಹಿಂದೆ ಬಡವರ ಹೆಸರುಗಳಿವೆ. 1979ರ ಹುಸೈನಾರಾ ಖಾತೂನ್ ತೀರ್ಪು, ಬಿಹಾರದ ಜೈಲುಗಳಲ್ಲಿ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಬಗ್ಗೆ ಬಂದದ್ದು. 1986ರ ಸುಖ್ ದಾಸ್ ಪ್ರಕರಣದಲ್ಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆಯೆಂದು ಆರೋಪಿಗೆ ತಿಳಿಸದೆ ಕೊಟ್ಟ ಶಿಕ್ಷೆಯನ್ನೇ ಸುಪ್ರೀಂ ಕೋರ್ಟು ರದ್ದುಮಾಡಿತು. 1978ರ ಮೋತಿರಾಮ್ ಒಬ್ಬ ಗಾರೆ ಕೆಲಸದವನು. ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನು ತಿರಸ್ಕರಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಖಂಡಿಸಿದರು. ಮೂರು ರಾಜ್ಯಗಳು ಕೂಡುವ ಗುಂಡ್ಲುಪೇಟೆಯಂಥ ಕಡೆ, ವಯನಾಡಿನಿಂದಲೋ ಗೂಡಲೂರಿನಿಂದಲೋ ಬಂದ ಕೂಲಿಯವನಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅವಧಿಗಳನ್ನೂ ನೆನಪಿಡಬೇಕು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಅಗತ್ಯವಿಲ್ಲದೆ ಬಂಧಿಸಬಾರದು, ನೋಟಿಸು ಕೊಟ್ಟು ಕರೆಯಬೇಕೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಒತ್ತಿ ಹೇಳಿದೆ. ಕಳ್ಳತನದಂಥ ಪ್ರಕರಣದಲ್ಲಿ 60 ದಿನಗಳೊಳಗೆ ದೋಷಾರೋಪಣ ಪಟ್ಟಿ ಬರದಿದ್ದರೆ ಜಾಮೀನು ಕೇಳುವುದು ಹಕ್ಕು. ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ, ಬೇರೆ ಪ್ರಕರಣಗಳು ಬಾಕಿಯಿಲ್ಲದಿದ್ದರೆ, ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು. ಹದಿನೆಂಟು ತುಂಬದವರಾದರೆ ಠಾಣೆಯ ಲಾಕಪ್ಪೂ ಇಲ್ಲ, ಜೈಲೂ ಇಲ್ಲ. ಬಾಲನ್ಯಾಯ ಮಂಡಳಿಯ ಮುಂದೆಯೇ ಹೋಗಬೇಕು. ಶಾಲೆಯ ದಾಖಲೆ, ಜನನ ಪ್ರಮಾಣಪತ್ರಗಳನ್ನು ಪೆಟ್ಟಿಗೆಯ ತಳದಲ್ಲಿ ಹುಡುಕುತ್ತಾ ದಿನ ಕಳೆಯುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಮದ್ರಸಾದ ಹಾಜರಿ ಪುಸ್ತಕದಲ್ಲಿ ನಾವೇ ಅಂದಾಜಿನಿಂದ ಬರೆದ ಹುಟ್ಟಿದ ದಿನಾಂಕಗಳೂ ಇವೆ. ಆ ಚಾಳಿಯನ್ನು ಈಗ ಬಿಟ್ಟಿದ್ದೇವೆ.

ಜಮಾಅತುಗಳಿಂದ ನಾವು ಕೇಳುತ್ತಿರುವುದು ಹೆಚ್ಚಿನದೇನಲ್ಲ. ಪಹಣಿ ಇರುವ ನಾಲ್ಕು ಮಂದಿ, ಮೊದಲ ಬಾರಿ ಸಿಕ್ಕಿಬಿದ್ದ ಯುವಕರಿಗೆ, ವಿಚಾರಿಸಿ ನೋಡಿ, ಜಾಮೀನು ನಿಲ್ಲಲು ಒಪ್ಪಿ ಹೆಸರು ಬರೆಸಲಿ. ಒಂದಿಬ್ಬರು ಅಂಗಡಿಯವರು ಅಂಥವನಿಗೆ ಕೆಲಸ ಕೊಡಲಿ, ಗಲ್ಲಾಪೆಟ್ಟಿಗೆಯ ಬಳಿ ಬೇಡವೆಂದರೆ ಗೋದಾಮಿನಲ್ಲಿ. ಪ್ರೊಬೇಷನ್ ಅಧಿಕಾರಿ ವಿಚಾರಣೆಗೆ ಬಂದಾಗ "ನಮಗೆ ಗೊತ್ತಿಲ್ಲ ಸರ್" ಎನ್ನದೆ, ಗೊತ್ತಿರುವಷ್ಟನ್ನು, ಕೆಟ್ಟದ್ದನ್ನೂ ಸೇರಿಸಿ, ಪ್ರಾಮಾಣಿಕವಾಗಿ ಹೇಳಲಿ. ಝಕಾತಿನ ಹಣವನ್ನು ಇಂಥವರ ಪರಿಹಾರಕ್ಕೆ ಬಳಸಬಹುದೇ ಎಂಬುದನ್ನು ಆಯಾ ಸಂದರ್ಭದಲ್ಲಿ ಉಲಮಾಗಳನ್ನು ಕೇಳಬೇಕು, ಸದಕಾಕ್ಕೆ ಅಡ್ಡಿಯಿಲ್ಲ. ಪದೇ ಪದೇ ಕದಿಯುವವನ, ಹೊಡೆದು ದೋಚುವವನ ವಿಷಯ ಬೇರೆ. ಅವನಿಗೂ ವಕೀಲ ಬೇಕು, ಆದರೆ ಅವನ ಮುಚ್ಚಳಿಕೆಗೆ ಜಮಾಅತು ಸಹಿ ಹಾಕಲಿ ಎಂದು ನಾವು ಹೇಳಲಾರೆವು. ಈ ಮಾತಿನಲ್ಲಿ ನಮಗೆ ಪೂರ್ತಿ ಸಮಾಧಾನವಿಲ್ಲ. ಆದರೂ ಸದ್ಯಕ್ಕೆ ಅಷ್ಟೇ.

ಕಳೆದ ತಿಂಗಳು 15100 ಎಂಬ ಸಂಖ್ಯೆಯನ್ನೂ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ವಿಳಾಸವನ್ನೂ ಕನ್ನಡ ಉರ್ದು ಎರಡರಲ್ಲೂ ಬರೆದು ವುಝೂಖಾನೆಯ ಗೋಡೆಗೆ ಹಚ್ಚಿದೆವು. ಮೂರನೆಯ ದಿನ ಯಾರೋ ಕಿತ್ತಿದ್ದರು. ಮಸೀದಿಯಲ್ಲಿ ಕಳ್ಳರ ವಿಷಯವೇಕೆ ಎಂದು ಕೇಳಿದವರುಂಟು. ಇನ್ನೊಂದು ಚೀಟಿ ಬರೆದು ಮತ್ತೆ ಹಚ್ಚಿದ್ದೇವೆ. ಜಾಮೀನಿಗೆ ಹೆಸರು ಬರೆಸುವ ಪುಸ್ತಕದಲ್ಲಿ ಈವರೆಗೆ ಎರಡು ಹೆಸರುಗಳಿವೆ. ಒಂದು, ಅಂದು ಹೊಸ್ತಿಲಲ್ಲಿ ನಮ್ಮನ್ನು ಪ್ರಶ್ನಿಸಿದ ಹಿರಿಯರದು. ಪಹಣಿಯ ಪ್ರತಿಯನ್ನೂ ಅವರೇ ತಂದುಕೊಟ್ಟರು. ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.